ಜಾಯಿಕಾಯಿಗಾಗಿ ಬಂದವರು

ಶಿಕ್ಷಕಿ: ಸರ್, ಇಂಗ್ಲಿಷರು ಜಾಯಿಕಾಯಿ ಬೆಳೆಯುವ ಒಂದು ಪುಟ್ಟ ದ್ವೀಪವನ್ನು ಡಚ್ಚರಿಗೆ ಬಿಟ್ಟುಕೊಟ್ಟು, ಬದಲಿಗೆ ಮ್ಯಾನ್‌ಹಟನ್ ಪಡೆದರು ಎಂಬ ಕತೆ ಎಲ್ಲ ಕಡೆ ಓಡಾಡುತ್ತಿದೆ. ತರಗತಿಯಲ್ಲಿ ಮಕ್ಕಳು ಅದನ್ನೇ ಕೇಳಿದರು. ನಿಜವೇ?

ಹಿರಿಯರು: ಅರ್ಧ ನಿಜ, ತಂಗಿ. 1667ರಲ್ಲಿ ನೆದರ್ಲೆಂಡಿನ ಬ್ರೆಡಾ ಎಂಬ ಊರಿನಲ್ಲಿ ಇಬ್ಬರೂ ಒಪ್ಪಂದ ಮಾಡಿಕೊಂಡದ್ದು ಹೌದು. ಆದರೆ ಅದು ಕೊಟ್ಟು ತೆಗೆದುಕೊಳ್ಳುವ ವಿನಿಮಯ ಆಗಿರಲಿಲ್ಲ. ಸದ್ಯಕ್ಕೆ ಯಾರ ಕೈಯಲ್ಲಿ ಏನಿದೆಯೋ ಅದು ಅವರಿಗೇ ಇರಲಿ ಎಂದು ಒಪ್ಪಿಕೊಂಡರು. ಮ್ಯಾನ್‌ಹಟನ್‌ನಲ್ಲಿದ್ದ ಡಚ್ ಪಟ್ಟಣ ನ್ಯೂ ಆಂಸ್ಟರ್‌ಡ್ಯಾಮನ್ನು ಇಂಗ್ಲಿಷರು 1664ರಲ್ಲೇ ಹಿಡಿದಿದ್ದರು. ಇತ್ತ ನೀನು ಹೇಳಿದ ಜಾಯಿಕಾಯಿಯ ಪುಟ್ಟ ದ್ವೀಪ, ರುನ್, ಡಚ್ಚರ ವಶದಲ್ಲಿತ್ತು. ಅವರು ಆಗಷ್ಟೇ ದಕ್ಷಿಣ ಅಮೆರಿಕದ ಸುರಿನಾಮನ್ನೂ ಇಂಗ್ಲಿಷರಿಂದ ಕಿತ್ತುಕೊಂಡಿದ್ದರು. ಕಬ್ಬು ಬೆಳೆಯುವ ಆ ನೆಲ ಅವರಿಗೆ ಆಗ ತುಂಬ ಬೇಕಾಗಿತ್ತು. ಮ್ಯಾನ್‌ಹಟನ್ನನ್ನು ಡಚ್ಚರು 1673ರಲ್ಲಿ ಇನ್ನೊಮ್ಮೆ ಹಿಡಿದು, 1674ರಲ್ಲಿ ಕೊನೆಯದಾಗಿ ಬಿಟ್ಟರು. ಕತೆ ಚುರುಕಾಗಿರಲಿ ಎಂದು ಇದನ್ನೆಲ್ಲ ಬಿಟ್ಟು ಹೇಳುತ್ತಾರೆ. ಅದರಲ್ಲಿ ನನ್ನನ್ನು ನಿಜವಾಗಿ ಕಾಡುವುದು ಬೇರೆ. ಆ ಕತೆಯಲ್ಲಿ ದ್ವೀಪದ ಜನರೇ ಇಲ್ಲ. ಒಪ್ಪಂದಕ್ಕೆ ಸಹಿ ಬೀಳುವ ಹೊತ್ತಿಗೆ ರುನ್‌ನಲ್ಲಿ ಕೇಳುವುದಕ್ಕೂ ಮೂಲದವರು ಉಳಿದಿರಲಿಲ್ಲ. ಇಂಗ್ಲಿಷರಿಗೆ ಪ್ರಯೋಜನವಾಗದಿರಲಿ ಎಂದು ಅಲ್ಲಿನ ಜಾಯಿಕಾಯಿ ಮರಗಳನ್ನೂ ಡಚ್ಚರು ಕಡಿದುಹಾಕಿದ್ದರು.

ಶಿಕ್ಷಕಿ: ನಮ್ಮ ಪಾಠದಲ್ಲೂ ಹಾಗೇ ಅಲ್ಲವೇ? ಪೋರ್ಚುಗೀಸರು ಬಂದರು, ಡಚ್ಚರು ಬಂದರು, ಇಂಗ್ಲಿಷರು, ಕೊನೆಗೆ ಫ್ರೆಂಚರು. ಮಕ್ಕಳು ಇಸವಿ ಬಾಯಿಪಾಠ ಮಾಡಿ ಪರೀಕ್ಷೆ ಬರೆಯುತ್ತಾರೆ.

ಹಿರಿಯರು: ಓಟದ ಪಂದ್ಯದ ಫಲಿತಾಂಶ ಓದಿದ ಹಾಗೆ ಆಗುತ್ತದೆ. ಮೊದಲು ಬಂದವನು ಯಾರು ಎಂಬುದರಿಂದ ವಸಾಹತು ಹೇಗಿತ್ತು ಎಂದು ತಿಳಿಯುವುದಿಲ್ಲ. ಬೆನ್ನ ಹಿಂದೆ ಇನ್ನೊಬ್ಬ ಬರುತ್ತಿದ್ದಾನೆ ಎಂಬ ಭಯದಿಂದ ಇವರು ಏನೇನು ಮಾಡಿದರು ಎಂದು ಕೇಳಬೇಕು. ವಸಾಹತುಗಳ ರೂಪ ಆ ಭಯದಿಂದ ಬಂದದ್ದು. ಬಂಡಾ ದ್ವೀಪಗಳನ್ನೇ ತೆಗೆದುಕೋ. ಇವತ್ತಿನ ಇಂಡೊನೇಷ್ಯಾದ ಪೂರ್ವದಲ್ಲಿ, ಕಡಲ ನಡುವೆ ಹತ್ತಾರು ಚದರ ಮೈಲಿ ನೆಲ, ಅಷ್ಟೆ. ಲೊಂಥೋರ್, ನೈರಾ, ಆಯ್, ರುನ್, ಜೊತೆಗೆ ಗುನುಂಗ್ ಆಪಿ ಎಂಬ ಜ್ವಾಲಾಮುಖಿ. ಇಡೀ ಪ್ರಪಂಚಕ್ಕೆ ಬೇಕಾದ ಜಾಯಿಕಾಯಿ, ಜಾಪತ್ರೆ ಆಗ ಅಲ್ಲಿಂದಲೇ ಬರಬೇಕಿತ್ತು.

ಶಿಕ್ಷಕಿ: ನಮ್ಮ ತೋಟದಲ್ಲೇ ಅಡಿಕೆ ನಡುವೆ ಆರು ಜಾಯಿಕಾಯಿ ಮರ ಇವೆ. ಕಾಯಿ ಒಡೆದಾಗ ಬೀಜಕ್ಕೆ ಸುತ್ತಿಕೊಂಡ ಕೆಂಪು ಜಾಪತ್ರೆ ಬಿಡಿಸಿ ಒಣಗಿಸುವುದು ಅಮ್ಮನ ಕೆಲಸ. ಕಾಡಿನ ರಾಮಪತ್ರೆ ಅದಕ್ಕೆ ಹತ್ತಿರದ ನಂಟು ಎಂದು ಗೊತ್ತು. ಈ ಜಾಯಿಕಾಯಿ ಅಷ್ಟು ದೂರದ್ದು ಎಂದು ಗೊತ್ತಿರಲಿಲ್ಲ.

ಹಿರಿಯರು: ರಾಮಪತ್ರೆ ನಮ್ಮ ಘಟ್ಟದ್ದೇ. ಆದರೆ ಅದಕ್ಕೆ ಆ ಪರಿಮಳ ಇಲ್ಲ. ಜಾಯಿಕಾಯಿ ಬಂಡಾದ್ದು. ಅಲ್ಲಿನ ಜನಕ್ಕೆ ರಾಜ ಇರಲಿಲ್ಲ. ಓರಾಂಗ್ ಕಾಯಾ ಎಂದು ಕರೆಯುವ ಊರಿನ ಸಿರಿವಂತ ಹಿರಿಯರು ಕೂತು ಮಾತಾಡಿ ವ್ಯವಹಾರ ನಡೆಸುತ್ತಿದ್ದರು. ಜಾವಾದವರು, ಮಲಯದವರು, ಅರಬರು, ಚೀನೀಯರು ಬರುತ್ತಿದ್ದರು; ಗುಜರಾತಿನ ಮತ್ತು ಕೋರಮಂಡಲದ ಬಟ್ಟೆ ಅಲ್ಲಿ ಹಣದಂತೆ ನಡೆಯುತ್ತಿತ್ತು. ಬಂಡಾದವರು ತಾವೇ ಹಡಗು ನಡೆಸಿ ಮಲಾಕಾವರೆಗೂ ಹೋಗುತ್ತಿದ್ದರು. ಅವರ ದೊಡ್ಡ ಕೊರತೆ ಒಂದೇ, ಊಟದ ಧಾನ್ಯ. ಅಕ್ಕಿ, ಸಾಗೋ ಎಲ್ಲ ಹೊರಗಿನಿಂದ ಹಡಗಿನಲ್ಲೇ ಬರಬೇಕು. ಇದನ್ನು ಗಟ್ಟಿಯಾಗಿ ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ಶಿಕ್ಷಕಿ: ಪೋರ್ಚುಗೀಸರು ಮೊದಲು ಬಂದವರಲ್ಲವೇ? ಅವರು ಯಾಕೆ ಅದನ್ನು ಹಿಡಿದುಕೊಳ್ಳಲಿಲ್ಲ?

ಹಿರಿಯರು: 1510ರಲ್ಲಿ ಗೋವಾ, 1511ರಲ್ಲಿ ಮಲಾಕಾ ಹಿಡಿದರು, 1512ರಲ್ಲಿ ಅವರ ಹಡಗು ಬಂಡಾ ಮುಟ್ಟಿತು. ಆಗ ಅವರ ಪ್ರತಿಸ್ಪರ್ಧಿ ಸ್ಪೇನ್. 1494ರಲ್ಲಿ ತೋರ್ದೆಸಿಯಾಸ್‌ನಲ್ಲಿ ಇಬ್ಬರೂ ಅಟ್ಲಾಂಟಿಕ್ ನಡುವೆ ಗೆರೆ ಎಳೆದು ಲೋಕ ಹಂಚಿಕೊಂಡಿದ್ದರು. ಭೂಮಿ ದುಂಡಗಿರುವುದರಿಂದ ಆ ಗೆರೆ ಇನ್ನೊಂದು ಬದಿಯಲ್ಲಿ ಎಲ್ಲಿ ಬೀಳುತ್ತದೆ ಎಂಬ ಜಗಳ ಉಳಿಯಿತು. ಮೆಗಲನ್ನನ ಯಾತ್ರೆ ಹೊರಟದ್ದೂ ಸಾಂಬಾರ ದ್ವೀಪಗಳು ಸ್ಪೇನಿನ ಪಾಲಿಗೆ ಬರುತ್ತವೆ ಎಂಬ ಆಸೆಯಿಂದ. ಕೊನೆಗೆ 1529ರಲ್ಲಿ ಸ್ಪೇನಿನ ದೊರೆ 3,50,000 ಡುಕಾಟ್ ಪಡೆದು ಆ ಹಕ್ಕನ್ನು ಪೋರ್ಚುಗಲ್‌ಗೆ ಬಿಟ್ಟ. ಅಲ್ಲಿನವರಿಗೆ ಗೊತ್ತೇ ಇಲ್ಲದ ಹಕ್ಕು ಅದು. ಬಂಡಾದಲ್ಲಿ ಕೋಟೆ ಕಟ್ಟಲು ಪೋರ್ಚುಗೀಸರು ತೊಡಗಿದ್ದರು, ಪೂರ್ತಿ ಆಗಲಿಲ್ಲ. ಜನಬಲ ಸಾಲದೆ, ಹತ್ತು ಜನ ವ್ಯಾಪಾರಿಗಳಲ್ಲಿ ತಾವೂ ಒಬ್ಬರಾಗಿ ಕೊಂಡುಕೊಂಡು ಹೋದರು. ಬಂಡಾದವರಿಗೆ ಅದರಿಂದ ನಷ್ಟ ಇರಲಿಲ್ಲ.

ಶಿಕ್ಷಕಿ: ಅಂದರೆ ಡಚ್ಚರಿಂದ ಎಲ್ಲ ಬದಲಾಯಿತು.

ಹಿರಿಯರು: ಡಚ್ಚರ ಜಗಳ ಮೊದಲು ಅವರ ಮನೆಯೊಳಗೇ ಇತ್ತು. ಒಂದೊಂದು ಪಟ್ಟಣದವರು ಒಂದೊಂದು ಕಂಪನಿ ಮಾಡಿ ಹಡಗು ಕಳಿಸಿದರು. ಎಲ್ಲರೂ ಒಟ್ಟಿಗೆ ಹೋಗಿ ಕೊಂಡರೆ ಅಲ್ಲಿ ಬೆಲೆ ಏರುತ್ತದೆ. ಎಲ್ಲರೂ ಒಟ್ಟಿಗೆ ತಂದು ಮಾರಿದರೆ ಯುರೋಪಿನಲ್ಲಿ ಬೆಲೆ ಬೀಳುತ್ತದೆ. ಹಾಗಾಗಿ 1602ರಲ್ಲಿ ಎಲ್ಲವನ್ನೂ ಸೇರಿಸಿ ಒಂದೇ ಕಂಪನಿ ಮಾಡಿದರು. ಕೋಟೆ ಕಟ್ಟುವುದು, ಸೈನ್ಯ ಇಡುವುದು, ಯುದ್ಧ ಹೂಡುವುದು, ಅರಸರ ಜೊತೆ ಒಪ್ಪಂದ ಮಾಡಿಕೊಳ್ಳುವುದು, ಎಲ್ಲದಕ್ಕೂ ಅದಕ್ಕೆ ಅಧಿಕಾರ ಕೊಟ್ಟರು. ಆಗ ಡಚ್ಚರು ಸ್ಪೇನಿನ ದೊರೆಯ ವಿರುದ್ಧ ಸ್ವಾತಂತ್ರ್ಯಕ್ಕೆ ಹೋರಾಡುತ್ತಿದ್ದರು. 1580ರಿಂದ ಪೋರ್ಚುಗಲ್ ಕೂಡ ಅದೇ ದೊರೆಯ ಕೈಗೆ ಬಂದಿತ್ತು. ಪೋರ್ಚುಗೀಸರ ಸಾಂಬಾರ ಕಸಿದರೆ ವೈರಿಯ ಖಜಾನೆಗೆ ಪೆಟ್ಟು. ಹೀಗೆ ವ್ಯಾಪಾರ ಮಾಡಬೇಕಾದ ಸಂಸ್ಥೆಯೇ ಯುದ್ಧದ ಆಯುಧವೂ ಆಯಿತು. ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿ ಅದಕ್ಕೂ ಮೊದಲೇ, 1600ರ ಡಿಸೆಂಬರ್ 31ರಂದು ಹುಟ್ಟಿತ್ತು. ಆದರೆ ಅದರ ಬಂಡವಾಳ ಡಚ್ಚರದಕ್ಕಿಂತ ತೀರ ಕಡಿಮೆ.

ಶಿಕ್ಷಕಿ: ಬಂಡಾದ ಹಿರಿಯರು ಡಚ್ಚರ ಜೊತೆ ಕರಾರು ಮಾಡಿಕೊಂಡಿದ್ದರು, ಅದನ್ನು ಮುರಿದದ್ದಕ್ಕೆ ಯುದ್ಧ ಆಯಿತು ಎಂದು ಓದಿದ್ದೇನೆ.

ಹಿರಿಯರು: ಕೆಲವರು ಸಹಿ ಹಾಕಿದ್ದರು. ಜಾಯಿಕಾಯಿ, ಜಾಪತ್ರೆ ಡಚ್ಚರಿಗೆ ಬಿಟ್ಟು ಬೇರೆ ಯಾರಿಗೂ ಮಾರಬಾರದು ಎಂಬ ಕರಾರು.

ಶಿಕ್ಷಕಿ: ಸಿರ್ಸಿಯ ಬೆಳೆಗಾರನಿಗೆ ಒಂದೇ ಮಂಡಿಗೆ ಅಡಿಕೆ ಹಾಕಬೇಕು, ಬೆಲೆ ಅವರು ಹೇಳಿದ್ದೇ, ವರ್ಷಕ್ಕೆ ಬೇಕಾದ ಅಕ್ಕಿಯನ್ನೂ ಅವರಿಂದಲೇ ಕೊಳ್ಳಬೇಕು ಎಂದರೆ ಯಾರು ಒಪ್ಪುತ್ತಾರೆ, ಸರ್?

ಹಿರಿಯರು: ಅದೇ ಆದದ್ದು. ಸಹಿ ಹಾಕಿದ ಹಿರಿಯರು ಉಳಿದ ಊರುಗಳ ಪರವಾಗಿ ಮಾತು ಕೊಡುವ ಅಧಿಕಾರ ಇದ್ದವರಲ್ಲ. ಡಚ್ಚರು ತಂದ ಉಣ್ಣೆ ಬಟ್ಟೆ ಆ ಸೆಕೆಯ ನಾಡಿನಲ್ಲಿ ಯಾರಿಗೂ ಬೇಡ. ಅಕ್ಕಿ ತರುವ ಜಾವಾದ ಹಡಗನ್ನು ವಾಪಸ್ ಕಳಿಸಿದರೆ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಅವರು ಬೇಕಾದವರಿಗೆ ಮಾರಿದರು. ಡಚ್ಚರ ದೃಷ್ಟಿಯಲ್ಲಿ ಅದು ಮಾತಿಗೆ ತಪ್ಪಿದ್ದು. ನನ್ನ ದೃಷ್ಟಿಯಲ್ಲಿ ಆ ಕರಾರು ಶುರುವಿನಿಂದಲೇ ನ್ಯಾಯದ್ದಲ್ಲ. 1609ರಲ್ಲಿ ವರ್ಹೂಫ್ ಎಂಬ ಅಡ್ಮಿರಲ್ ದೊಡ್ಡ ಪಡೆ ತಂದು, ಪೋರ್ಚುಗೀಸರು ಬಿಟ್ಟುಹೋಗಿದ್ದ ಅಡಿಪಾಯದ ಮೇಲೆ ನೈರಾದಲ್ಲಿ ನಸೌ ಕೋಟೆ ಕಟ್ಟಲು ತೊಡಗಿದ. ಮಾತುಕತೆಗೆಂದು ಕರೆದು ಬಂಡಾದವರು ಅವನನ್ನೂ ಅವನ ಸಂಗಡಿಗರನ್ನೂ ಕೊಂದರು. ಇದನ್ನು ಮರೆಮಾಚಬಾರದು. ಆ ಪಡೆಯಲ್ಲಿ ಯಾನ್ ಪೀಟರ್‌ಸೂನ್ ಕೂನ್ ಎಂಬ ಯುವಕ ಕಿರಿಯ ವ್ಯಾಪಾರಿಯಾಗಿ ಬಂದಿದ್ದ. ಮುಂದೆ ಅವನೇ ಗವರ್ನರ್ ಜನರಲ್ ಆದ. ಯುದ್ಧವಿಲ್ಲದೆ ವ್ಯಾಪಾರ ನಡೆಯದು, ವ್ಯಾಪಾರವಿಲ್ಲದೆ ಯುದ್ಧ ನಡೆಯದು ಎಂದು ಕಂಪನಿಯ ಯಜಮಾನರಿಗೆ ಬರೆದು ತಿಳಿಸಿದವನು.

ಶಿಕ್ಷಕಿ: ಇಂಗ್ಲಿಷರು ಆಗ ಏನು ಮಾಡುತ್ತಿದ್ದರು?

ಹಿರಿಯರು: ಡಚ್ಚರು ಕೋಟೆ ಕಟ್ಟುತ್ತಿದ್ದಾಗಲೇ ವಿಲಿಯಂ ಕೀಲಿಂಗ್ ಎಂಬ ಇಂಗ್ಲಿಷ್ ಕಪ್ತಾನ ಪಕ್ಕದ ಆಯ್ ದ್ವೀಪದಲ್ಲಿ ಜಾಯಿಕಾಯಿ ಕೊಳ್ಳುತ್ತಿದ್ದ. ಬಂಡಾದವರು ಅದನ್ನು ಸರಿಯಾಗಿಯೇ ಬಳಸಿಕೊಂಡರು. 1615ರಲ್ಲಿ ಡಚ್ಚರು ಆಯ್ ಮೇಲೆ ಬಿದ್ದಾಗ ಹಿಮ್ಮೆಟ್ಟಿಸಿದರು, 1616ರಲ್ಲಿ ಸೋತರು. ಆ ವರ್ಷದ ಕೊನೆಗೆ ನಥಾನಿಯಲ್ ಕೋರ್ಟ್‌ಹೋಪ್ ಎರಡು ಹಡಗಿನಲ್ಲಿ ರುನ್‌ಗೆ ಬಂದಾಗ, ಅಲ್ಲಿನ ಹಿರಿಯರು ತಮ್ಮ ದ್ವೀಪ ಇಂಗ್ಲೆಂಡಿನ ದೊರೆ ಜೇಮ್ಸನ ರಕ್ಷಣೆಯಲ್ಲಿದೆ ಎಂದು ಬರೆದುಕೊಟ್ಟರು. ಬೆರಳೆಣಿಕೆಯ ಜನರನ್ನು ಇಟ್ಟುಕೊಂಡು ಕೋರ್ಟ್‌ಹೋಪ್ ಸುಮಾರು ನಾಲ್ಕು ವರ್ಷ ತಡೆದ. 1620ರಲ್ಲಿ ಡಚ್ಚರ ಗುಂಡಿಗೆ ಸತ್ತ.

ಶಿಕ್ಷಕಿ: ಹಾಗಾದರೆ ಇಂಗ್ಲಿಷರು ಗೆದ್ದಿದ್ದರೆ ಬಂಡಾದವರಿಗೆ ಒಳ್ಳೆಯದಾಗುತ್ತಿತ್ತು ಎನ್ನಬಹುದಲ್ಲ?

ಹಿರಿಯರು: ಅವರು ನಯವಾಗಿ ನಡೆದುಕೊಂಡದ್ದು ಅಶಕ್ತರಾಗಿದ್ದರಿಂದ. ಶಕ್ತಿ ಬಂದ ಕಡೆ ಅವರು ಹೇಗಿದ್ದರು ಎಂದು ನಮಗೆ ಬೇರೆಯವರು ಹೇಳಬೇಕಾಗಿಲ್ಲ. ಇಲ್ಲೇ ನೋಡು: 1619ರಲ್ಲಿ ಲಂಡನ್ನಿನಲ್ಲಿ ಎರಡೂ ದೇಶಗಳು ಕೂತು ರಾಜಿ ಮಾಡಿಕೊಂಡವು. ಸಾಂಬಾರ ವ್ಯಾಪಾರದಲ್ಲಿ ಮೂರನೇ ಒಂದು ಪಾಲು ಇಂಗ್ಲಿಷರಿಗೆ, ಮೂರನೇ ಎರಡು ಡಚ್ಚರಿಗೆ. ರಕ್ಷಣೆ ಕೇಳಿದ್ದ ರುನ್‌ನವರ ಮಾತು ಆ ಕಾಗದದಲ್ಲಿ ಎಲ್ಲಿದೆ? ಕೂನ್‌ಗೆ ಆ ರಾಜಿಯೂ ಸಹಿಸಲಿಲ್ಲ. ಮೂರನೇ ಒಂದು ಪಾಲು ಪಡೆದ ಪ್ರತಿಸ್ಪರ್ಧಿ ನಾಳೆ ಅರ್ಧ ಕೇಳುತ್ತಾನೆ. ಕೊಳ್ಳುವವರನ್ನು ತಡೆಯುವ ಹಾಗಿಲ್ಲ, ಏಕೆಂದರೆ ಅವರೀಗ ಮಿತ್ರರು. ಹಾಗಾದರೆ ಮಾರುವವರನ್ನೇ ಇಲ್ಲದಂತೆ ಮಾಡಬೇಕು.

ಶಿಕ್ಷಕಿ: ಸರ್, ಅದನ್ನು ಯೋಚನೆ ಮಾಡಿಯೇ ಮಾಡಿದರೇ?

ಹಿರಿಯರು: ಆ ನೆಲದಲ್ಲಿ ಬೇರೆ ಜನರನ್ನು ತಂದು ನೆಲೆಗೊಳಿಸುವ ಮಾತು ಅವರ ನಡುವೆ ಮೊದಲೇ ಇತ್ತು. 1621ರಲ್ಲಿ ಕೂನ್ ತಾನೇ ಹೊರಟ. ಹದಿಮೂರು ದೊಡ್ಡ ಹಡಗು, ಸಾವಿರದ ಆರುನೂರಕ್ಕೂ ಹೆಚ್ಚು ಸೈನಿಕರು, ಕೂಲಿಗೆ ತಂದ ಜಪಾನಿ ಯೋಧರು. ಲೊಂಥೋರ್ ಹಿಡಿದು, ಆಯುಧ ಒಪ್ಪಿಸಿ, ಒತ್ತೆಯಾಳು ಕೊಡಿ ಎಂದ. ಸೆಲಮೋನ್ ಎಂಬ ಊರಿನ ಮಸೀದಿಯನ್ನೇ ಡಚ್ ಅಧಿಕಾರಿಗಳು ಬಿಡಾರ ಮಾಡಿಕೊಂಡರು. ಒಂದು ರಾತ್ರಿ ಅಲ್ಲಿ ತೂಗುದೀಪ ಕಳಚಿ ಬಿತ್ತು. ಅದು ದಾಳಿಯ ಸಂಕೇತ ಎಂದು ಗಾಬರಿಗೊಂಡು ಕತ್ತಲಲ್ಲಿ ಗುಂಡು ಹಾರಿಸಿದರು. ಅದರ ಮೇಲೆ ಪಿತೂರಿಯ ಆರೋಪ ಹೊರಿಸಿ, ಹಿರಿಯರನ್ನು ಹಿಡಿದು ಹಿಂಸೆ ಕೊಟ್ಟು ತಪ್ಪೊಪ್ಪಿಗೆ ಪಡೆದರು. ಮೇ 8ರಂದು ನಸೌ ಕೋಟೆಯ ಬಳಿ ಬಿದಿರಿನ ಬೇಲಿಯೊಳಗೆ 44 ಹಿರಿಯರನ್ನು ನೂಕಿ, ಜಪಾನಿ ಕೂಲಿ ಯೋಧರ ಕತ್ತಿಯಿಂದ ತಲೆ ಕಡಿಸಿದರು. ಅದನ್ನು ನೋಡಿ ತಳಮಳಗೊಂಡು ಬರೆದಿಟ್ಟವನು ಡಚ್ಚರ ಕಡೆಯ ಅಧಿಕಾರಿಯೇ. ಊರುಗಳನ್ನು ಸುಟ್ಟರು. ಬೆಟ್ಟ ಹತ್ತಿದವರಿಗೆ ಆಹಾರ ಸಿಗದಂತೆ ಸುತ್ತುಗಟ್ಟಿದರು. ಅಲ್ಲಿ ಹಸಿವು ಮತ್ತು ಕಾಯಿಲೆ ಕೊಂದದ್ದು ಕತ್ತಿ ಕೊಂದದ್ದಕ್ಕಿಂತ ಎಷ್ಟೋ ಹೆಚ್ಚು. ಕೆಲವರು ಕಡಿದಾದ ಬಂಡೆಗಳಿಂದ ಹಾರಿದರು. 789 ಜನರನ್ನು ಬಟಾವಿಯಾಕ್ಕೆ, ಇವತ್ತಿನ ಜಕಾರ್ತಾಕ್ಕೆ, ಹಡಗಿನಲ್ಲಿ ಸಾಗಿಸಿದರು. ಮೊದಲು ಸುಮಾರು 15,000 ಜನ ಇದ್ದರು, ಉಳಿದವರು ಸುಮಾರು ಒಂದು ಸಾವಿರ ಎಂಬುದು ಇತಿಹಾಸಕಾರರ ಅಂದಾಜು.

ಶಿಕ್ಷಕಿ: ಯುರೋಪಿನಲ್ಲಿ ಯಾರೂ ಪ್ರತಿಭಟಿಸಲಿಲ್ಲವೇ?

ಹಿರಿಯರು: ಕಂಪನಿಯ ಯಜಮಾನರು ಇಷ್ಟು ಕಠೋರ ಆಗಬಾರದಿತ್ತು ಎಂದರು, ಕೂನ್‌ಗೆ ಬಹುಮಾನವನ್ನೂ ಕೊಟ್ಟರು. 1623ರಲ್ಲಿ ಹತ್ತಿರದ ಅಂಬೋಯ್ನಾದಲ್ಲಿ ಡಚ್ಚರು ಪಿತೂರಿಯ ಆರೋಪದ ಮೇಲೆ ಹತ್ತು ಇಂಗ್ಲಿಷರನ್ನು ಚಿತ್ರಹಿಂಸೆ ಕೊಟ್ಟು ಕೊಂದರು. ಅದಕ್ಕೆ ಲಂಡನ್ ಹೊತ್ತಿ ಉರಿಯಿತು. ಕರಪತ್ರ, ಚಿತ್ರ, ನಾಟಕ ಬಂದವು, ಐವತ್ತು ವರ್ಷ ಆ ಸಿಟ್ಟು ಆರಲಿಲ್ಲ. ಹತ್ತು ಜನರ ಸಾವಿಗೆ ಸಿಟ್ಟು ಬರಲೇಬೇಕು. ಆದರೆ ಸಾವಿರಾರು ಬಂಡಾ ಜನರ ಸಾವಿಗೆ ಅದರ ಒಂದಂಶವೂ ಬರಲಿಲ್ಲ.

ಶಿಕ್ಷಕಿ: ಜನ ಇಲ್ಲದೆ ತೋಟ ನೋಡುವವರು ಯಾರು? ಜಾಯಿಕಾಯಿ ತಾನಾಗಿ ಕೊಯ್ಲಾಗಿ ಒಣಗಿ ಚೀಲ ಸೇರುವುದಿಲ್ಲ.

ಹಿರಿಯರು: ತೋಟದವಳ ಪ್ರಶ್ನೆ ಇದು. ವಸಾಹತಿನ ರೂಪ ನಿಂತದ್ದೂ ಇದರ ಉತ್ತರದ ಮೇಲೆಯೇ. ನೆಲವನ್ನು 68 ಪಾಲು ಮಾಡಿ, ಪರ್ಕ್ ಎಂದು ಕರೆದು, ಕಂಪನಿಯ ಕೆಲಸ ಬಿಟ್ಟವರಿಗೂ ಸೈನಿಕರಿಗೂ ಹಂಚಿದರು. ದುಡಿಯಲು ಗುಲಾಮರನ್ನು ತಂದುಕೊಟ್ಟರು. ಕಂಪನಿ ಗುಲಾಮರನ್ನು ಕೊಂಡ ಕಡೆಗಳಲ್ಲಿ ನಮ್ಮ ಕೋರಮಂಡಲ ಕರಾವಳಿಯೂ ಸೇರಿತ್ತು. ಬದುಕುಳಿದ ಬಂಡಾದವರಲ್ಲಿ ಕೆಲವರನ್ನು ಕೆಲಸ ಕಲಿಸಲು ಅವರದೇ ತೋಟಗಳಲ್ಲಿ ಇಟ್ಟುಕೊಂಡರು. ಬೆಳೆದದ್ದನ್ನೆಲ್ಲ ಕಂಪನಿಗೇ, ಕಂಪನಿ ಗೊತ್ತುಮಾಡಿದ ಬೆಲೆಗೇ ಕೊಡಬೇಕು; ಅಕ್ಕಿ, ಬಟ್ಟೆ, ಗುಲಾಮರು ಎಲ್ಲ ಕಂಪನಿಯಿಂದಲೇ. ಹೊರಗೆ ಹೋಗುವ ಬೀಜ ಇನ್ನೆಲ್ಲೂ ಮೊಳೆಯದಿರಲಿ ಎಂದು ಸುಣ್ಣದ ನೀರಿನಲ್ಲಿ ಅದ್ದುತ್ತಿದ್ದರು. ಒಂದು ಚೀಲವೂ ಇಂಗ್ಲಿಷರಿಗೆ ಹೋಗಬಾರದು ಎಂಬ ಭಯ ಇಷ್ಟೆಲ್ಲ ಮಾಡಿಸಿತು. ತಮ್ಮವರೇ ಆದ ಡಚ್ ತೋಟಗಾರರನ್ನೂ ಅವರು ನಂಬಲಿಲ್ಲ.

ಶಿಕ್ಷಕಿ: ಮ್ಯಾನ್‌ಹಟನ್ ಕೂಡ ಡಚ್ಚರದೇ. ಅಲ್ಲಿ ಯಾಕೆ ಹೀಗಾಗಲಿಲ್ಲ?

ಹಿರಿಯರು: ನೀನು ಕೇಳದಿದ್ದರೂ ನಾನೇ ಅಲ್ಲಿಗೆ ಬರುತ್ತಿದ್ದೆ. ಡಚ್ಚರ ವೆಸ್ಟ್ ಇಂಡಿಯಾ ಕಂಪನಿಗೆ ಸನದು ಸಿಕ್ಕಿದ್ದು 1621ರ ಜೂನ್ 3ರಂದು, ಆ 44 ಜನರ ತಲೆ ಬಿದ್ದು ಒಂದು ತಿಂಗಳು ತುಂಬುವ ಮೊದಲೇ. ಅದಕ್ಕೂ ಪ್ರತಿಸ್ಪರ್ಧಿ ಸ್ಪೇನ್, ಆಮೇಲೆ ಇಂಗ್ಲೆಂಡ್. ಆದರೆ ಅಮೆರಿಕದಲ್ಲಿ ಇಂಗ್ಲಿಷರು ಹಡಗಿನಲ್ಲಿ ಬಂದು ಹೋಗುವವರಲ್ಲ. ಪಕ್ಕದ ನ್ಯೂ ಇಂಗ್ಲೆಂಡಿನಲ್ಲಿ ಹೆಂಡತಿ ಮಕ್ಕಳೊಡನೆ ನೆಲೆ ನಿಂತವರು, ವರ್ಷ ವರ್ಷಕ್ಕೆ ಬೆಳೆಯುವವರು. ಅವರನ್ನು ತಡೆಯಲು ಡಚ್ಚರಿಗೆ ಕೋಟೆಗಿಂತ ಜನ ಬೇಕಿತ್ತು. ಅದಕ್ಕಾಗಿ 1639ರಲ್ಲಿ ತುಪ್ಪಳದ ವ್ಯಾಪಾರದ ಏಕಸ್ವಾಮ್ಯವನ್ನೇ ಬಿಟ್ಟು, ಯಾರಾದರೂ ಬನ್ನಿ ಎಂದರು. 1643ರಲ್ಲಿ ಅಲ್ಲಿಗೆ ಬಂದ ಫ್ರೆಂಚ್ ಪಾದ್ರಿಯೊಬ್ಬ ಹದಿನೆಂಟು ಭಾಷೆ ಕೇಳಿದೆ ಎಂದು ಬರೆದ. 1653ರಲ್ಲಿ ಇಂಗ್ಲಿಷರ ಭಯಕ್ಕೆ ಪಟ್ಟಣದ ಉತ್ತರಕ್ಕೆ ಗೋಡೆ ಕಟ್ಟಿದರು. ವಾಲ್ ಸ್ಟ್ರೀಟ್ ಅದರ ಜಾಗ. ಒಂದೇ ವೈರಿಯ ಭಯ ಬಂಡಾದಲ್ಲಿ ಬಾಗಿಲು ಮುಚ್ಚಿಸಿತು, ಮ್ಯಾನ್‌ಹಟನ್‌ನಲ್ಲಿ ತೆರೆಸಿತು. ಯಾರಿಗೆ ತೆರೆಯಿತು ಎಂಬುದನ್ನೂ ಕೇಳಬೇಕು. 1626ರಲ್ಲಿ ಅಲ್ಲಿನ ಮೂಲನಿವಾಸಿಗಳಾದ ಲೆನಾಪೆ ಜನರಿಂದ 60 ಗಿಲ್ಡರ್ ಬೆಲೆಯ ಸಾಮಾನಿಗೆ ದ್ವೀಪ ಕೊಂಡೆವೆಂದು ಹೇಳಿಕೊಂಡವರು, 1643ರಲ್ಲಿ ಅದೇ ಜನರನ್ನು ರಾತ್ರೋರಾತ್ರಿ ಕೊಂದರು. ಆ ಪಟ್ಟಣದ ಕೋಟೆ, ರಸ್ತೆಗಳಿಗೆ ಆಫ್ರಿಕಾದ ಗುಲಾಮರು ದುಡಿದಿದ್ದಾರೆ.

ಶಿಕ್ಷಕಿ: ಒಂದು ಸಂಶಯ, ಸರ್. ಅದೇ ಕಾಲಕ್ಕೆ ಪೋರ್ಚುಗೀಸರ ಕೋಟೆಗಳು ನಮ್ಮ ಕರಾವಳಿಯಲ್ಲೂ ಇದ್ದವು. ಇಲ್ಲಿ ಬಂಡಾದಂಥದ್ದು ಆಗಲಿಲ್ಲ. ಇಲ್ಲಿನ ಅರಸರಾದ ಇಕ್ಕೇರಿಯವರು ಹೆಚ್ಚು ಜಾಣರಾಗಿದ್ದರು ಎನ್ನಬೇಕೇ?

ಹಿರಿಯರು: ಹಾಗೆ ಹೇಳಿದರೆ ಬಂಡಾದವರಿಗೆ ಅನ್ಯಾಯ ಮಾಡಿದಂತೆ. ಇಕ್ಕೇರಿಯ ಶಿವಪ್ಪ ನಾಯಕ 1652ರಿಂದ 1654ರೊಳಗೆ ಬಸರೂರು, ಗಂಗೊಳ್ಳಿ, ಹೊನ್ನಾವರ, ಮಂಗಳೂರಿನ ಪೋರ್ಚುಗೀಸ್ ಕೋಟೆಗಳನ್ನು ಹಿಡಿದ. ಆಗ ಪೋರ್ಚುಗೀಸರು ಡಚ್ಚರ ಹೊಡೆತದಿಂದ ತತ್ತರಿಸುತ್ತಿದ್ದರು. 1641ರಲ್ಲಿ ಮಲಾಕಾ ಹೋಗಿತ್ತು, 1656ರಲ್ಲಿ ಕೊಲಂಬೊ ಹೋಯಿತು. ಇಬ್ಬರ ಜಗಳದ ಲಾಭವನ್ನು ನಾಯಕ ಸರಿಯಾಗಿ ಪಡೆದ. ಆದರೆ ರುನ್‌ನ ಹಿರಿಯರು ಮಾಡಿದ್ದೂ ಅದೇ ಅಲ್ಲವೇ? ಡಚ್ಚರ ಎದುರು ಇಂಗ್ಲಿಷರನ್ನು ನಿಲ್ಲಿಸಿದರು. ವ್ಯತ್ಯಾಸ ಇರುವುದು ಅಕ್ಕಿಯಲ್ಲಿ. ಬಂಡಾದಲ್ಲಿ ಜಾಯಿಕಾಯಿ ಇತ್ತು, ಅನ್ನ ಹೊರಗಿನಿಂದ. ಇಕ್ಕೇರಿಯಲ್ಲಿ ಮೆಣಸೂ ಇತ್ತು, ಅಕ್ಕಿಯೂ ಇತ್ತು. ಗೋವಾದ ಪೋರ್ಚುಗೀಸರೇ ಕನ್ನಡ ಕರಾವಳಿಯ ಅಕ್ಕಿ ತಿನ್ನುತ್ತಿದ್ದರು. ಕರಾವಳಿಯ ಹಿಂದೆ ಘಟ್ಟ, ಘಟ್ಟದ ಮೇಲೆ ಸೈನ್ಯ, ಕಂದಾಯ, ಒಬ್ಬ ಅರಸ. ಸುತ್ತುಗಟ್ಟಿದರೆ ಹಸಿಯುವವರು ಕೋಟೆಯೊಳಗಿನ ಪರಕೀಯರು. ಬಂಡಾದಲ್ಲಿ ಹಸಿದವರು ಊರಿನವರು.

ಶಿಕ್ಷಕಿ: ಇದನ್ನು ಯಾವ ಪುಸ್ತಕದಲ್ಲೂ ಹೀಗೆ ಜೊತೆಗಿಟ್ಟು ನೋಡಿರಲಿಲ್ಲ. ಆ ಏಕಸ್ವಾಮ್ಯ ಎಷ್ಟು ದಿನ ನಡೆಯಿತು?

ಹಿರಿಯರು: ಹದಿನೆಂಟನೇ ಶತಮಾನದ ಕೊನೆಯವರೆಗೆ. 1770ರ ಸುಮಾರಿಗೆ ಪಿಯರ್ ಪುವಾವ್ರ್ ಎಂಬ ಫ್ರೆಂಚ್ ಅಧಿಕಾರಿ ಕದ್ದು ತರಿಸಿದ ಸಸಿಗಳು ಮಾರಿಷಸ್ ಸೇರಿದವು. ನೆಪೋಲಿಯನ್ ಕಾಲದ ಯುದ್ಧಗಳಲ್ಲಿ ಬ್ರಿಟಿಷರು ಬಂಡಾ ಹಿಡಿದು, ಬಿಟ್ಟುಕೊಡುವ ಮೊದಲು ಸಸಿಗಳನ್ನು ಪಿನಾಂಗ್, ಸಿಲೋನ್ ಮುಂತಾದ ಕಡೆಗೆ ಒಯ್ದರು. ಆಮೇಲೆ ಅದು ಕೆರಿಬಿಯನ್ನಿನ ಗ್ರೆನಡಾಕ್ಕೂ ಹೋಯಿತು. ಆ ದೇಶದ ಬಾವುಟದಲ್ಲಿ ಇವತ್ತು ಜಾಯಿಕಾಯಿ ಇದೆ. ಇಷ್ಟು ಸಾಕು, ಇದು ಬೇರೆಯೇ ಕತೆ. ಕೂನ್ ಹುಟ್ಟಿದ ಹೋರ್ನ್ ಪಟ್ಟಣದಲ್ಲಿ 1893ರಲ್ಲಿ ನಿಲ್ಲಿಸಿದ ಅವನ ಪ್ರತಿಮೆ ಈಗಲೂ ಇದೆ. ಜನ ತಕರಾರು ಎತ್ತಿದ ಮೇಲೆ ಅವನು ಬಂಡಾದಲ್ಲಿ ಮಾಡಿದ್ದನ್ನೂ ಹೇಳುವ ಫಲಕ ಹಾಕಿದ್ದಾರೆ. ಪ್ರತಿಮೆ ಇಳಿಸಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಅದು ಆ ಊರಿನವರು ತೀರ್ಮಾನಿಸಬೇಕಾದ್ದು.

ಶಿಕ್ಷಕಿ: ತಪ್ಪಿಸಿಕೊಂಡ ಬಂಡಾದವರು ಏನಾದರು?

ಹಿರಿಯರು: ಒಂದಷ್ಟು ಜನ ದೋಣಿಗಳಲ್ಲಿ ಆಗ್ನೇಯಕ್ಕೆ ಕೈ ದ್ವೀಪಗಳಿಗೆ ಹೋದರು. ಅಲ್ಲಿ ಬಂಡಾ ಎಲಿ, ಬಂಡಾ ಎಲಾತ್ ಎಂಬ ಎರಡು ಊರು ಕಟ್ಟಿದರು. ನಾಲ್ಕು ಶತಮಾನ ಕಳೆದರೂ ಅವರ ಮಕ್ಕಳು ಮೊಮ್ಮಕ್ಕಳು ಅಲ್ಲಿ ಬಂಡಾದ ಮೂಲ ಭಾಷೆ ಆಡುತ್ತಾರೆ. ಮುಂದಿನ ಸಲ ನಕ್ಷೆ ಬಿಡಿಸಿ ಲಿಸ್ಬನ್, ಆಂಸ್ಟರ್‌ಡ್ಯಾಮ್, ಲಂಡನ್ ತೋರಿಸುವಾಗ, ಆ ಎರಡು ಊರುಗಳನ್ನೂ ಮಕ್ಕಳಿಗೆ ತೋರಿಸು, ತಂಗಿ. ಬಂಡಾದಲ್ಲಿ ಈಗ ಆ ಭಾಷೆ ಆಡುವವರಿಲ್ಲ.